ಗೈಡಿನಲ್ಲಿ ಇಲ್ಲದ ವರದಕ್ಷಿಣೆ

ಪ್ರತಿ ಸೆಮಿಸ್ಟರಿನ ಮೊದಲ ವಾರ ಯಾರಾದರೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಮೇಡಂ, ಯಾವ ಗೈಡು ತೆಗೆದುಕೊಳ್ಳಲಿ?" ಪಠ್ಯಪುಸ್ತಕ ಯಾವುದೆಂದು ಇನ್ನೂ ಕೇಳಿರುವುದಿಲ್ಲ. 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು, ಪಠ್ಯಕ್ರಮ ಬದಲಾಯಿತು, ಪೇಪರುಗಳ ಹೆಸರೂ ಬದಲಾದವು. ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ಮಕ್ಕಳ ಈ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಅದನ್ನು ಕೇಳಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಸೋಮಾರಿತನದಿಂದ ಕೇಳುವವರು ಕಡಿಮೆ. ಹೆಚ್ಚಿನವರದು ಭಯ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು, ಮನೆಯಲ್ಲಿ ಇಂಗ್ಲಿಷ್ ಪುಸ್ತಕ ಕಂಡಿಲ್ಲದವರು. "ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊದಲು ಗೈಡಿನ ಸಾರಾಂಶ ಓದಿ ಅರ್ಥ ಮಾಡಿಕೊಳ್ಳುತ್ತೇನೆ, ಆಮೇಲೆ ಪದ್ಯ ಓದುತ್ತೇನೆ" ಎನ್ನುತ್ತಾರೆ. ಕೇಳುವುದಕ್ಕೆ ವಿವೇಕದ ಮಾತಿನಂತೆಯೇ ಇದೆ. ನನ್ನ ಜಗಳವಿರುವುದು ಈ 'ಮೊದಲು' ಮತ್ತು 'ಆಮೇಲೆ'ಗಳ ಜೊತೆ.

ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ 'ಮೈ ಲಾಸ್ಟ್ ಡಚೆಸ್' ಪದ್ಯವನ್ನೇ ನೋಡಿ. 56 ಸಾಲು. ಇಟಲಿಯ ಫೆರಾರಾವನ್ನು ಆಳುವ ಡ್ಯೂಕ್ ಒಬ್ಬ ತನ್ನ ತೀರಿಹೋದ ಹೆಂಡತಿಯ ಚಿತ್ರವನ್ನು ಯಾರಿಗೋ ತೋರಿಸುತ್ತಾ ಮಾತನಾಡುತ್ತಾನೆ. ಅವಳು ಎಲ್ಲರನ್ನೂ ನೋಡಿ ನಗುತ್ತಿದ್ದಳು. ತೋಟದಲ್ಲಿ ಯಾರೋ ಮುರಿದುಕೊಟ್ಟ ಚೆರ್ರಿಯ ಕೊಂಬೆಗೂ, ತಾನು ಕೊಟ್ಟ ಒಂಬೈನೂರು ವರ್ಷದ ಮನೆತನದ ಹೆಸರಿಗೂ ಅವಳ ಸಂತೋಷ ಒಂದೇ ಬಗೆಯದು. ಅದೇ ಅವನ ದೂರು. 46ನೇ ಸಾಲಿನ ಹೊತ್ತಿಗೆ ಆ ನಗು ನಿಂತುಹೋಗುತ್ತದೆ. ಈ ಮಾತನ್ನೆಲ್ಲ ಕೇಳುತ್ತಾ ಕುಳಿತವನು ಯಾರೆಂಬ ಸುಳಿವನ್ನು ಬ್ರೌನಿಂಗ್ ಬಿಟ್ಟುಕೊಡುವುದು 49ನೇ ಸಾಲಿನಲ್ಲಿ: ಡ್ಯೂಕನ ಮುಂದಿನ ಮದುವೆಯ ಮಾತುಕತೆಗೆ ಹೆಣ್ಣಿನ ಕಡೆಯಿಂದ ಬಂದ ದೂತ. ಅಲ್ಲಿಯವರೆಗೂ ಕವಿ ಅದನ್ನು ಬಿಗಿಹಿಡಿದಿದ್ದಾನೆ. ಗೈಡು ತನ್ನ ಮೊದಲ ವಾಕ್ಯದಲ್ಲೇ ಅದನ್ನು ಹೇಳಿ ಮುಗಿಸಿರುತ್ತದೆ. ಹಾಗೆ ಓದಿ ಬಂದ ವಿದ್ಯಾರ್ಥಿಗೆ 49ನೇ ಸಾಲಿನಲ್ಲಿ ಮೈ ಜುಮ್ಮೆನ್ನುವುದು ಹೇಗೆ? ಆಮೇಲೆ ಎಷ್ಟು ಸಲ ಪದ್ಯ ಓದಿದರೂ, ತಿಳಿಯದೆ ಓದಿದ ಆ ಮೊದಲ ಓದು ಅವರಿಗೆ ಸಿಗುವುದಿಲ್ಲ.

ಇನ್ನೊಂದು ನಷ್ಟವೂ ಇದೆ. "ಡ್ಯೂಕ್ ಹೆಂಡತಿಯನ್ನು ಕೊಲ್ಲಿಸಿದನು" ಎಂದು ಉತ್ತರಪತ್ರಿಕೆಗಳಲ್ಲಿ ನೂರಾರು ಸಲ ಓದಿದ್ದೇನೆ. ಪದ್ಯದಲ್ಲಿ ಇರುವುದು ಇಷ್ಟೇ: ನಾನು ಆಜ್ಞೆ ಕೊಟ್ಟೆ, ಆಗ ನಗುವೆಲ್ಲ ಒಟ್ಟಿಗೇ ನಿಂತಿತು. ಏನು ಆಜ್ಞೆ? ಮುಂದೆ ಒಬ್ಬರು ಇದನ್ನೇ ಕೇಳಿದಾಗ ಬ್ರೌನಿಂಗ್ ಮೊದಲು ಕೊಲ್ಲಿಸುವ ಆಜ್ಞೆ ಎಂದು, ಬಳಿಕ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ಸೇರಿಸಿದ್ದರೂ ಸೇರಿಸಿರಬಹುದು ಎಂದು ಹೇಳಿದರಂತೆ. ಬರೆದವರೇ ತೆರೆದಿಟ್ಟ ಬಾಗಿಲನ್ನು ಗೈಡು ಮುಚ್ಚಿಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ಎರಡನೇ ವರ್ಷದ ತರಗತಿಯಲ್ಲಿ ಪೀಠಿಕೆಯಿಲ್ಲದೆ ಈ ಪದ್ಯವನ್ನು ಓದಿದೆ. 46ನೇ ಸಾಲಿಗೆ ನಿಲ್ಲಿಸಿ, ಇವನು ಯಾರೊಡನೆ ಮಾತನಾಡುತ್ತಿದ್ದಾನೆ ಎಂದು ಕೇಳಿದೆ. ಗೆಳೆಯ ಎಂದರು, ನೆಂಟ ಎಂದರು, ಒಬ್ಬ ಹುಡುಗ ಪೊಲೀಸ್ ಎಂದ. ಮುಂದೆ ಓದಿದೆ. ಡ್ಯೂಕ್ ದೂತನಿಗೆ ಹೇಳುತ್ತಾನೆ: ನಿಮ್ಮ ಯಜಮಾನರ ಔದಾರ್ಯ ಎಲ್ಲರಿಗೂ ಗೊತ್ತಿರುವುದೇ, ವರದಕ್ಷಿಣೆಯ ವಿಷಯದಲ್ಲಿ ನನ್ನ ನ್ಯಾಯವಾದ ಬೇಡಿಕೆಯನ್ನು ಅವರು ತಳ್ಳಿಹಾಕಲಾರರು, ಆದರೂ ಅವರ ಮಗಳೇ ನನಗೆ ಮುಖ್ಯ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ, ಎಂದೂ ಬಾಯಿ ಬಿಡದ ಹುಡುಗಿ ಎದ್ದು ನಿಂತು, ಕನ್ನಡದಲ್ಲಿ ಹೇಳಬಹುದೇ ಎಂದಳು. "ಮೇಡಂ, ನಮ್ಮ ಅಕ್ಕನ ಮಾತುಕತೆಗೆ ಬಂದವರೂ ಹೀಗೆಯೇ ಹೇಳಿದ್ದು. ನಮಗೆ ಏನೂ ಬೇಡ, ನಿಮ್ಮ ಹುಡುಗಿ ಬಂದರೆ ಸಾಕು, ನಿಮ್ಮ ಕೈ ದೊಡ್ಡದು ಅಂತ ಊರಿಗೇ ಗೊತ್ತಲ್ಲ ಅಂತ." ತರಗತಿ ಸ್ತಬ್ಧವಾಯಿತು. ಅವಳು ಕೂರಲಿಲ್ಲ. "ಮುಂದೆ 'ಇಲ್ಲ, ಜೊತೆಯಲ್ಲೇ ಇಳಿಯೋಣ' ಅನ್ನುತ್ತಾನಲ್ಲ, ಬಂದವನು ಹೆದರಿ ಮೊದಲೇ ಹೊರಟುಬಿಟ್ಟಿದ್ದನಾ?" ಇರಬಹುದು. ದೊಡ್ಡವರೆಂಬ ಗೌರವಕ್ಕೆ ಅವನು ಹಿಂದೆ ನಿಂತದ್ದೂ ಇರಬಹುದು. ಖಚಿತವಾಗಿ ಹೇಳಲು ಪದ್ಯದಲ್ಲಿ ಆಧಾರವಿಲ್ಲ. ಆದರೆ ಆ ಒಂದು ಮಾತಿನ ಹಿಂದೆ ದೂತನ ಕಾಲಿನ ಸಪ್ಪಳವನ್ನು ಅವಳು ಕೇಳಿಸಿಕೊಂಡಿದ್ದಳು. ಅವಳ ಇಂಗ್ಲಿಷ್ ಆ ತರಗತಿಯಲ್ಲೇ ತೀರಾ ಹಿಂದೆ ಇತ್ತು. ಆ ದಿನ ಮಧ್ಯಾಹ್ನ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲರೂ ಕೊಳ್ಳುತ್ತಿದ್ದ ಗೈಡನ್ನು ತೆಗೆದು ನೋಡಿದೆ. ಸಾರಾಂಶದಲ್ಲಿ ವರದಕ್ಷಿಣೆಯ ಮಾತೇ ಇರಲಿಲ್ಲ.

ಪದ್ಯದ ಇಂಗ್ಲಿಷ್ ಕಷ್ಟ, ಗೈಡಿನ ಇಂಗ್ಲಿಷ್ ಸುಲಭ ಎಂಬ ನಂಬಿಕೆಯನ್ನೂ ಒಮ್ಮೆ ಪರೀಕ್ಷಿಸಿ ನೋಡಿ. ಈ ಪದ್ಯದಲ್ಲಿ ಬಿಳಿ ಹೇಸರಗತ್ತೆಯಿದೆ, ಪರದೆಯಿದೆ, ನಾಚಿದ ಕೆನ್ನೆಯಿದೆ. ಹೆಚ್ಚಿನ ಪದಗಳು ಸಣ್ಣವು, ನಿಘಂಟು ತೆರೆದರೆ ಸಿಗುವಂಥವು. ಗೈಡಿನ ಪುಟದಲ್ಲಿ ಇರುವುದು 'ಮೆಗಲೋಮೇನಿಯಾ', 'ಪೇಟ್ರಿಯಾರ್ಕಲ್ ಆಬ್ಜೆಕ್ಟಿಫಿಕೇಷನ್'. ಅವುಗಳನ್ನು ಬಾಯಿಪಾಠ ಮಾಡುತ್ತಾ ಮೂರು ವರ್ಷ ಕಳೆದವರ ಇಂಗ್ಲಿಷ್ ಸುಧಾರಿಸಿದ್ದನ್ನು ನಾನಂತೂ ಕಂಡಿಲ್ಲ.

ಗೈಡನ್ನು ಸುಟ್ಟುಬಿಡಿ ಎಂದು ಹೇಳುವುದಿಲ್ಲ. ಒಂದೊಂದು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ಒಂದೊಂದು ಬಗೆ, ಅಂಕಗಳ ಬಗ್ಗೆ ನಾನು ಭರವಸೆ ಕೊಡಲಾರೆ. ಶ್ರದ್ಧೆಯಿಂದ ಬರೆದ ಗೈಡುಗಳೂ ಇವೆ. ಪರೀಕ್ಷೆಗೆ ಎರಡು ವಾರವಿದೆ ಎನ್ನುವಾಗ, ಪದ್ಯವನ್ನು ಮೂರು ಸಲ ಓದಿದ ಮೇಲೆ, ಉತ್ತರದ ಚೌಕಟ್ಟು ಹೇಗಿರಬೇಕೆಂದು ನೋಡಲು ತೆರೆಯಿರಿ. ಗೈಡು ಹೇಳುವುದಕ್ಕೂ ನಿಮಗೆ ಅನ್ನಿಸಿದ್ದಕ್ಕೂ ಹೊಂದಿಕೆಯಾಗದಿದ್ದರೆ ಆ ಪುಟ ಹಿಡಿದುಕೊಂಡು ನನ್ನ ಬಳಿ ಬನ್ನಿ. ಕನ್ನಡದಲ್ಲೇ ಕೇಳಿ, ಸಂಕೋಚ ಬೇಡ.

ಬರುವ ಸೋಮವಾರ ಎರಡನೇ ವರ್ಷದವರಿಗೆ ಈ ಪದ್ಯ ಶುರುಮಾಡುತ್ತಿದ್ದೇನೆ. 56 ಸಾಲನ್ನೂ ಕೈಯಲ್ಲಿ ಬರೆದುಕೊಂಡು ಬನ್ನಿ, ಒಂದು ಸಾಲು ಬಿಟ್ಟು ಒಂದು ಸಾಲು ಬರೆಯಿರಿ. ಪೆನ್ಸಿಲ್ ಮರೆಯಬೇಡಿ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆಯಿರಿ, ಅರ್ಥವನ್ನು ತರಗತಿಯಲ್ಲಿ ಒಟ್ಟಿಗೆ ಹುಡುಕೋಣ.