ಆಟ ಬಿಟ್ಟ ಮೇಲೆ ಹೆಸರು ಎಷ್ಟು ಉಳಿಯಿತು?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಯಾರನ್ನಾದರೂ ನಿಲ್ಲಿಸಿ "ಮರಡೋನಾ ಗೊತ್ತೇನ್ರಿ?" ಅಂತ ಅರ್ಜೆಂಟೀನಾದ ಆ ಹಳೆಯ ಫುಟ್ಬಾಲ್ ಆಟಗಾರನ ಬಗ್ಗೆ ಕೇಳಿ ನೋಡಿ. "ಯಾಕ್ ಗೊತ್ತಿಲ್ರಿ, ಗೊತ್ತದ" ಅನ್ನುವವರೇ ಜಾಸ್ತಿ. ಕೇಳಿದವರಿಗೆ ಇಲ್ಲ ಅನ್ನಬಾರದು ಅನ್ನೋದು ನಮ್ಮ ಕಡೆಯ ಮರ್ಯಾದೆ. ಸಮೀಕ್ಷೆಗೆ ಅದೇ ಕಂಟಕ.

ನನ್ನ ಕೆಲಸ ಮಾರುಕಟ್ಟೆ ಸಮೀಕ್ಷೆ. ಸೋಪು, ಚಹಾಪುಡಿ, ಸಿಮೆಂಟು ಅಂತ ತಿರುಗುವುದೇ ಹೆಚ್ಚು. ನಿವೃತ್ತ ಫುಟ್ಬಾಲ್ ಆಟಗಾರನ ಜನಪ್ರಿಯತೆ ಅಳೆಯುವುದಕ್ಕೂ ಅದೇ ದಾರಿ. ಮೊದಲು ಯಾರ ಹೆಸರನ್ನೂ ಎತ್ತಬಾರದು. "ಈಗ ಆಡದೇ ಇರೋ ಫುಟ್ಬಾಲ್ ಆಟಗಾರರ ಹೆಸರು ಹೇಳ್ರಿ" ಅಂತ ಕೇಳಿ ಸುಮ್ಮನಿರಬೇಕು. ತಾನಾಗಿ ಮೊದಲು ಬಂದ ಹೆಸರಿಗೆ ಬೆಲೆ ಜಾಸ್ತಿ. ಪಟ್ಟಿ ಓದುವುದು ಆಮೇಲೆ. ಆ ಪಟ್ಟಿಯಲ್ಲಿ ಹುಟ್ಟೇ ಇರದ ಆಟಗಾರನ ಹೆಸರೊಂದನ್ನು ಸೇರಿಸಿರುತ್ತೇವೆ. ನೂರರಲ್ಲಿ ಇಪ್ಪತ್ತು ಮಂದಿ ಅವನೂ ಗೊತ್ತು ಅಂದರೆ, ಉಳಿದವರಿಗೆ ಬಿದ್ದ "ಗೊತ್ತು"ಗಳಲ್ಲೂ ಎಷ್ಟು ಪೊಳ್ಳು ಅನ್ನುವ ಅಂದಾಜು ಸಿಗುತ್ತದೆ. ಈ ಸುಳ್ಳು ಹೆಸರಿಲ್ಲದ ಸಮೀಕ್ಷೆಯನ್ನು ನಾನಂತೂ ನಂಬುವುದಿಲ್ಲ.

ಕೊನೆಗೆ "ಆಂವ ಏನ್ ಮಾಡ್ಯಾನ್ರಿ?" ಅಂತ ಕೇಳಬೇಕು. ಮರಡೋನಾ ಬಗ್ಗೆ, 1986ರಲ್ಲಿ ಇಂಗ್ಲೆಂಡ್ ವಿರುದ್ಧ ಕೈಯಲ್ಲಿ ಹೊಡೆದ ಗೋಲು ಅಂದರೆ ಒಂದು ಲೆಕ್ಕ. ಬೆಕ್‌ಹ್ಯಾಮ್ ಅಂದಾಕ್ಷಣ ಬರೀ ಹೇರ್‌ಸ್ಟೈಲ್ ನೆನಪಾದರೆ ಅದು ಬೇರೆಯೇ ಲೆಕ್ಕ.

ಯಾರನ್ನು ಕೇಳುತ್ತೀರಿ ಅನ್ನುವುದು ಇನ್ನೂ ದೊಡ್ಡ ವಿಷಯ. 2000ದಲ್ಲಿ ಫುಟ್ಬಾಲಿನ ಜಾಗತಿಕ ಸಂಸ್ಥೆ ಫಿಫಾ ಶತಮಾನದ ಆಟಗಾರನಿಗಾಗಿ ಇಂಟರ್ನೆಟ್‌ನಲ್ಲಿ ಮತ ಕೇಳಿತು. ಮರಡೋನಾಗೆ ನೂರಕ್ಕೆ 53ಕ್ಕಿಂತ ಜಾಸ್ತಿ, ಪೆಲೆಗೆ 18ರ ಆಸುಪಾಸು. ಪೆಲೆ ಕೊನೆಯ ವಿಶ್ವಕಪ್ ಆಡಿದ್ದು 1970ರಲ್ಲಿ. 2000ದಲ್ಲಿ ಇಂಟರ್ನೆಟ್ ಮುಂದೆ ಕೂತಿದ್ದ ಹುಡುಗರಲ್ಲಿ ಎಷ್ಟು ಜನ ಅವರ ಆಟ ಕಂಡಿದ್ದರು ಹೇಳಿ? ಫಿಫಾಗೆ ಇರುಸುಮುರುಸಾಗಿ, ತನ್ನವರ ಕಡೆಯಿಂದ ಇನ್ನೊಂದು ಆಯ್ಕೆ ಮಾಡಿಸಿತು. ಅದರಲ್ಲಿ ಪೆಲೆ ಗೆದ್ದರು. ಕೊನೆಗೆ ಇಬ್ಬರಿಗೂ ಪ್ರಶಸ್ತಿ.

ನಮ್ಮೂರಲ್ಲೂ ವಯಸ್ಸು ನೋಡಿ ಬೇರೆ ಬೇರೆ ಎಣಿಸಬೇಕು. ಬೆಂಗಳೂರಿಗಿಂತ ಮೊದಲೇ ಟಿವಿ ಬಂದ ಊರಿದು. ಐವತ್ತು ದಾಟಿದವರಲ್ಲಿ 1986ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡಿದವರು ಸಿಗುತ್ತಾರೆ. ಅವರು ಮರಡೋನಾ ಅಂದರೆ ಆಶ್ಚರ್ಯವೇನಿಲ್ಲ. ಮರಡೋನಾ ಆಟ ಬಿಟ್ಟ 1997ರ ನಂತರ ಹುಟ್ಟಿದವರು ಆ ಹೆಸರು ಹೇಳಬೇಕು, ಅದು ನಿಜವಾದ ಬಾಳಿಕೆ.

ಜೆರ್ಸಿ ಎಣಿಸಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಹತ್ತಿರ ಒಬ್ಬ ಹುಡುಗ ಆಕಾಶನೀಲಿ-ಬಿಳಿ ಪಟ್ಟೆಯ ಅಂಗಿ ಹಾಕಿದ್ದ. ಬೆನ್ನ ಮೇಲೆ 10, ಹೆಸರಿಲ್ಲ. ಯಾರದಪ್ಪಾ ಅಂದೆ. "ಮೆಸ್ಸೀದ್ರಿ ಸರ್, ಮತ್ಯಾರ್ದು?" ಅಂದ. ಅರ್ಜೆಂಟೀನಾ ತಂಡದಲ್ಲಿ ಇಬ್ಬರದೂ ಅದೇ 10. ನಾನು ಸುಮ್ಮನೆ ಎಣಿಸಿದ್ದರೆ ಮರಡೋನಾ ಖಾತೆಗೂ ಹಾಕಬಹುದಿತ್ತು.

ಜನ ಏನು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್ ಅಂಕಿಯಲ್ಲೂ ಹುಷಾರಾಗಿರಬೇಕು. ಅದು ಎಷ್ಟು ಜನ ಹುಡುಕಿದರು ಅಂತ ಹೇಳುವುದಿಲ್ಲ. ಅತಿ ಹೆಚ್ಚು ಹುಡುಕಿದ ಸಮಯವನ್ನು 100 ಅಂತಿಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ. ಮರಡೋನಾ ತೀರಿಕೊಂಡದ್ದು 2020ರ ನವೆಂಬರ್ 25ರಂದು. ಅಂಥ ತಿಂಗಳ ಪಕ್ಕ ಬೇರೆ ತಿಂಗಳುಗಳು ಖಾಲಿ ಇದ್ದಂತೆ ಕಾಣುತ್ತವೆ. ಸರಾಸರಿ ತೆಗೆದರೆ ಅದೊಂದೇ ತಿಂಗಳು ಎಲ್ಲವನ್ನೂ ಮೇಲೆಳೆಯುತ್ತದೆ. ಸಾವು, ವಿಶ್ವಕಪ್ ಇದ್ದ ತಿಂಗಳು ಬಿಟ್ಟು ಸಾದಾ ತಿಂಗಳುಗಳನ್ನು ನೋಡುವುದು ಮೇಲು.

ಸುನಿಲ್ ಚೆಟ್ರಿಯನ್ನು ಪಟ್ಟಿಗೆ ಸೇರಿಸಿ ಅಂತ ಹುಡುಗರ ಒತ್ತಾಯ. 2024ರ ಜೂನ್‌ನಲ್ಲಿ ಅವರು ಕೋಲ್ಕತ್ತಾದಲ್ಲಿ ಭಾರತದ ಪರ ವಿದಾಯ ಪಂದ್ಯ ಆಡಿದರು. 2025ರ ಮಾರ್ಚ್‌ನಲ್ಲಿ ಮತ್ತೆ ಬಂದು ಗೋಲು ಹೊಡೆದರು! ಕೊನೆಯ ಪಂದ್ಯ ಮುಗಿದು ಐದು ವರ್ಷವಾದರೂ ಆಗಲಿ, ಆಮೇಲೆ ಕೇಳೋಣ ಅಂದಿದ್ದೇನೆ.