ಗೆಟರ್-ಸೆಟರ್: ಜಾವಾದ ರೂಢಿ ಪೈಥಾನ್‌ಗೆ ಬೇಕೆ?

ಜಾವಾದಲ್ಲಿ ಪಳಗಿದವರು ಪೈಥಾನ್ ಬರೆಯಲು ಕೂತರೆ ಮೊದಲ ದಿನವೇ ಬೆಲೆಯನ್ನು ಓದಿಕೊಡುವ ಗೆಟ್‌ಪ್ರೈಸ್ (ಗೆಟರ್), ಬದಲಿಸುವ ಸೆಟ್‌ಪ್ರೈಸ್ (ಸೆಟರ್) ಮೆಥಡ್‌ಗಳು ಸಾಲುಗಟ್ಟುತ್ತವೆ. ಪ್ರೋಗ್ರಾಂ ಓಡುತ್ತದೆ, ನಿಜ. ಆದರೆ ಜಾವಾದಲ್ಲಿ ಅವು ಹುಟ್ಟಿದ ಕಾರಣ ಪೈಥಾನ್‌ನಲ್ಲಿ ಇಲ್ಲವೇ ಇಲ್ಲ.

ಜಾವಾದಲ್ಲಿ ಫೀಲ್ಡ್ (ಆಬ್ಜೆಕ್ಟ್ ಒಳಗೆ ಮೌಲ್ಯ ಇರುವ ಜಾಗ) ಓದುವುದಕ್ಕೂ ಮೆಥಡ್ ಕರೆಯುವುದಕ್ಕೂ ಬೈಟ್‌ಕೋಡೇ (ಕಂಪೈಲ್ ಆದಮೇಲೆ ಸಿಗುವ ಆದೇಶ) ಬೇರೆ: ಒಂದು ಗೆಟ್‌ಫೀಲ್ಡ್, ಇನ್ನೊಂದು ಇನ್ವೋಕ್‌ವರ್ಚುವಲ್. ಇವತ್ತು ಪಬ್ಲಿಕ್ ಫೀಲ್ಡ್ ಬಿಟ್ಟು, ನಾಳೆ 'ಬೆಲೆ ಸೊನ್ನೆಗಿಂತ ಕಡಿಮೆ ಇರಕೂಡದು' ಎಂಬ ತಪಾಸಣೆ ಸೇರಿಸಹೊರಟರೆ ಅದನ್ನು ಬಳಸುವ ಪ್ರತಿ ಕ್ಲಾಸನ್ನೂ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಅದಕ್ಕೇ ಮೊದಲೇ ಗೆಟರ್ ಬರೆದಿಡುವ ಮುಂಜಾಗ್ರತೆ. 1997ರಲ್ಲಿ ಜಾವಾ 1.1ರ ಜೊತೆ ಬಂದ ಜಾವಾಬೀನ್ಸ್ ಎಂಬ ನಿಯಮಾವಳಿ ಇದನ್ನು ಕಟ್ಟುಪಾಡು ಮಾಡಿತು. ಹೆಸರಿನ ಮುಂದೆ ಗೆಟ್, ಸೆಟ್, ಈಸ್ ಇದೆಯೇ ಎಂದು ನೋಡಿಯೇ ಟೂಲ್‌ಗಳು ಪ್ರಾಪರ್ಟಿಯನ್ನು ಗುರುತಿಸತೊಡಗಿದವು. (ಈಸ್ ನಡೆಯುವುದು ಹೌದು-ಅಲ್ಲ ಹಿಡಿದಿಡುವ ಸಣ್ಣಕ್ಷರದ ಬೂಲಿಯನ್‌ಗೆ ಮಾತ್ರ, ದೊಡ್ಡಕ್ಷರದ್ದಕ್ಕೆ ಗೆಟ್ ಬೇಕು. ಇದರಲ್ಲಿ ಎಡವದವರು ಕಡಿಮೆ.)

ಬೇರೆ ದಾರಿ ಆಗಲೇ ಇತ್ತು. 1995ರ ಡೆಲ್ಫಿಯಲ್ಲಿ ಪ್ರಾಪರ್ಟಿ (ಬಳಸುವವರಿಗೆ ಫೀಲ್ಡ್‌ನಂತೆ ಕಂಡರೂ ಒಳಗೆ ಮೆಥಡ್ ಓಡಿಸುವಂಥದ್ದು) ಭಾಷೆಯ ಭಾಗವೇ ಆಗಿತ್ತು. ಅದನ್ನು ರೂಪಿಸಿದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಸಿ ಶಾರ್ಪ್‌ಗೂ ಅದನ್ನೇ ತಂದರು. ಆದರೂ ಸಿ ಶಾರ್ಪ್‌ನಲ್ಲಿ ಫೀಲ್ಡನ್ನು ಆಮೇಲೆ ಪ್ರಾಪರ್ಟಿ ಮಾಡಿದರೆ ಹಳೆಯ ಡಿಎಲ್‌ಎಲ್‌ಗಳು (ಮೊದಲೇ ಕಂಪೈಲ್ ಆದ ಫೈಲ್‌ಗಳು) ಮುರಿಯುತ್ತವೆ. ಹಾಗಾಗಿ ಅಲ್ಲಿ ಮೊದಲಿನಿಂದಲೇ ಪ್ರಾಪರ್ಟಿ ಬರೆಯುವುದು ಲೇಸು.

ಪೈಥಾನ್‌ಗೆ ಪ್ರಾಪರ್ಟಿ ಬಂದದ್ದು 2001ರ 2.2 ಆವೃತ್ತಿಯಲ್ಲಿ. ಇಲ್ಲಿ ಸಾದಾ ಆಟ್ರಿಬ್ಯೂಟ್‌ನಿಂದ (ಜಾವಾದ ಫೀಲ್ಡ್‌ನಂಥದ್ದು) ಶುರುಮಾಡಿ. ತಪಾಸಣೆ ಬೇಕೆನಿಸಿದ ದಿನ ಪ್ರಾಪರ್ಟಿ ಮಾಡಿ. ಕರೆಯುವವರ ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ಎಡವಟ್ಟಾಗುವುದು ಎರಡು ಕಡೆ. ಸೆಟರ್ ಒಳಗೆ ಸೆಲ್ಫ್.ಪ್ರೈಸ್‌ಗೇ ಬೆಲೆ ಹಾಕಿದರೆ ಸೆಟರ್ ತನ್ನನ್ನೇ ಕರೆದುಕೊಳ್ಳುತ್ತಾ ಹೋಗಿ, ಡೀಫಾಲ್ಟ್ ಮಿತಿಯಾದ 1000ದ ಹತ್ತಿರ ರಿಕರ್ಷನ್ ಎರರ್ ಕೊಟ್ಟು ಬೀಳುತ್ತದೆ. ಒಳಗಿನ ಹೆಸರಿಗೆ ಮುಂದೊಂದು ಅಂಡರ್‌ಸ್ಕೋರ್ ಇರಲಿ. ಆಬ್ಜೆಕ್ಟ್ ಹುಟ್ಟುವಾಗ ಓಡುವ ಇನಿಟ್‌ನಲ್ಲಿ ಮಾತ್ರ ಅಂಡರ್‌ಸ್ಕೋರ್ ಇಲ್ಲದ ಹೆಸರನ್ನೇ ಬಳಸಿ, ಇಲ್ಲದಿದ್ದರೆ ಆಬ್ಜೆಕ್ಟ್ ಹುಟ್ಟುವಾಗಲೇ ತಪಾಸಣೆ ತಪ್ಪಿಹೋಗುತ್ತದೆ. ಎರಡನೆಯದು ಜಾವಾದವರದೇ ತಪ್ಪು: ಸೆಟರ್ ಡೆಕೊರೇಟರ್ (ಮೆಥಡ್ ಮೇಲೆ ಬರೆಯುವ @ ಗುರುತಿನ ಸಾಲು) ಕೆಳಗಿನ ಮೆಥಡ್‌ಗೆ ಸೆಟ್_ಪ್ರೈಸ್ ಎಂದು ಹೆಸರಿಡುವುದು. ಆಗ ಪ್ರೈಸ್‌ಗೆ ಸೆಟರೇ ಇರುವುದಿಲ್ಲ, ಬೆಲೆ ಹಾಕಹೋದರೆ ಆಟ್ರಿಬ್ಯೂಟ್ ಎರರ್. ಎರಡೂ ಮೆಥಡ್‌ಗಳ ಹೆಸರು ಪ್ರೈಸ್ ಎಂದೇ ಇರಬೇಕು.

ರೂಬಿಗೆ ಹೋದವರಿಗೆ ಕಾಟವೇ ಬೇರೆ. ಕ್ಲಾಸಿನ ಮೆಥಡ್ ಒಳಗೆ 'ಸೆಲ್ಫ್.' ಬಿಟ್ಟು ಬೆಲೆ ಹಾಕಿದರೆ ಅದು ಲೋಕಲ್ ವೇರಿಯಬಲ್ ಆಗಿಬಿಡುತ್ತದೆ. ಎರರ್ ಕೂಡ ಬರುವುದಿಲ್ಲ.

ಜಾವಾವೂ ಸ್ವಲ್ಪ ಸಡಿಲಿಸಿದೆ. 2021ರ ಜಾವಾ 16ರಲ್ಲಿ ಕಾಯಂ ಆದ ರೆಕಾರ್ಡ್‌ಗೆ (ಮಾಹಿತಿ ಹಿಡಿದಿಡಲೆಂದೇ ಇರುವ ಕ್ಲಾಸ್) ಸೆಟರ್ ಇಲ್ಲ, ಓದುವ ಮೆಥಡ್‌ಗೆ 'ಗೆಟ್' ಕೂಡ ಇಲ್ಲ, ಬರೀ ಪ್ರೈಸ್. ನಿಮ್ಮ ಹಳೆಯ ಲೈಬ್ರರಿ 'ಗೆಟ್' ಹುಡುಕುವಂಥದ್ದಾದರೆ ಅದಕ್ಕೆ ಈ ಬೆಲೆ ಕಾಣುವುದೇ ಇಲ್ಲ.