ಹೊರಗಿನ ತಂತ್ರಾಂಶದಿಂದ ಬ್ಲಾಗಿಗೆ ಚಿತ್ರ: ಬ್ರೌಸರಿನಲ್ಲಿ ಏರುವುದು ಇಲ್ಲೇಕೆ ಏರುವುದಿಲ್ಲ?

ಬರಹವನ್ನು ಗಣಕದಲ್ಲೇ ಸಿದ್ಧಪಡಿಸಿ ಬ್ಲಾಗಿಗೆ ಕಳಿಸುವ ಓಪನ್ ಲೈವ್ ರೈಟರ್, ಮಾರ್ಸ್‌ಎಡಿಟ್‌ನಂಥ ತಂತ್ರಾಂಶದಲ್ಲಿ ಪ್ರಕಟಿಸುವ ಗುಂಡಿ ಒತ್ತಿದಾಗ ಒಂದೇ ಕೆಲಸ ಆದಂತೆ ಕಾಣುತ್ತದೆ. ಆಗುವುದು ಎರಡು. ಮೊದಲು ಚಿತ್ರಗಳು ಒಂದೊಂದಾಗಿ ಸರ್ವರಿಗೆ ಹೋಗುತ್ತವೆ, ಪ್ರತಿಯೊಂದಕ್ಕೂ ಸರ್ವರ್ ಒಂದು ವಿಳಾಸ ಕೊಡುತ್ತದೆ. ಆ ವಿಳಾಸಗಳನ್ನು ಎಚ್‌ಟಿಎಂಎಲ್‌ನಲ್ಲಿ ಕೂರಿಸಿಕೊಂಡ ಮೇಲಷ್ಟೇ ಬರಹ ಹೊರಡುತ್ತದೆ. ಹಾಗಾಗಿ ಬರೀ ಬರಹ ಹೋಗುತ್ತಿದ್ದು, ಚಿತ್ರವಿದ್ದಾಗ ಮಾತ್ರ ಕೆಡುತ್ತಿದ್ದರೆ ಪಾಸ್‌ವರ್ಡ್ ಬದಲಿಸುತ್ತ ಕೂರಬೇಡಿ. ಲಾಗಿನ್ ಸರಿಯಾಗಿಯೇ ಇದೆ.

ವರ್ಡ್‌ಪ್ರೆಸ್ ಬ್ಲಾಗಾದರೆ ತಂತ್ರಾಂಶ ಮತ್ತು ಸರ್ವರಿನ ಈ ಮಾತುಕತೆ ಸಾಮಾನ್ಯವಾಗಿ ಎಕ್ಸ್‌ಎಂಎಲ್-ಆರ್‌ಪಿಸಿ (ಎಕ್ಸ್‌ಎಂಎಲ್ ಪಠ್ಯದಲ್ಲಿ ಕೋರಿಕೆ ಕಳಿಸುವ ವಿಧಾನ) ಮೂಲಕ, ಮೆಟಾವೆಬ್‌ಲಾಗ್ ಎಪಿಐ ಎಂಬ ಬ್ಲಾಗ್ ಕರೆಗಳ ಕಟ್ಟಿನ 'ನ್ಯೂ ಮೀಡಿಯಾ ಆಬ್ಜೆಕ್ಟ್' ಕರೆಯಲ್ಲಿ ನಡೆಯುತ್ತದೆ. ಕರೆಯೊಳಗೆ ಮೂರು ಸಂಗತಿ: ಕಡತದ ಹೆಸರು, ಅದರ ಬಗೆ, ಚಿತ್ರದ ದತ್ತಾಂಶ. ತೊಡಕಿರುವುದು ಮೂರನೆಯದರಲ್ಲಿ. ಎಕ್ಸ್‌ಎಂಎಲ್ ಬರೀ ಅಕ್ಷರಗಳ ಲೋಕ, ಚಿತ್ರದ ಬೈಟುಗಳು ಅಲ್ಲಿ ಹಾಗೇ ನಿಲ್ಲವು. ಅದಕ್ಕೇ ಬೇಸ್64 ಸಂಕೇತೀಕರಣ: ಪ್ರತಿ 3 ಬೈಟಿಗೆ 4 ಅಕ್ಷರ. ಅಂದರೆ ಗಾತ್ರ ಮೂರನೇ ಒಂದು ಪಾಲು ಉಬ್ಬುತ್ತದೆ.

ಲೆಕ್ಕ ಹಾಕಿ ನೋಡಿ. 900 ಕೆಬಿ ಚಿತ್ರ ದಾರಿಯಲ್ಲಿ 1200 ಕೆಬಿ ಆಗುತ್ತದೆ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಒಂದು ವಿನಂತಿಗೆ ತಾನಾಗಿ ಒಪ್ಪುವ ಮಿತಿ 1 ಎಂಬಿ, ಅಂದರೆ 1024 ಕೆಬಿ. ದಾಟಿದರೆ 413 ದೋಷ, ಅಂದರೆ 'ವಿನಂತಿ ತೀರಾ ದೊಡ್ಡದು'. ಅದೇ ಚಿತ್ರವನ್ನು ಬ್ರೌಸರಿನಿಂದ ಏರಿಸಿದರೆ ಉಬ್ಬದೆ ಹೋಗುವುದರಿಂದ ಸಲೀಸಾಗಿ ಏರುತ್ತದೆ. ತಂತ್ರಾಂಶವೇ ಕೆಟ್ಟಿದೆ ಅನ್ನಿಸುವುದು ಇದರಿಂದಲೇ. ಆ ಮಿತಿಯೊಳಗೆ 750 ಕೆಬಿವರೆಗಿನ ಚಿತ್ರ ನಿರಾಳವಾಗಿ ಹಿಡಿಸುತ್ತದೆ. ಮುಂದಿನ ತಡೆ ವರ್ಡ್‌ಪ್ರೆಸ್ ನಡೆಯುವ ಪಿಎಚ್‌ಪಿ ಭಾಷೆಯ 'ಪೋಸ್ಟ್ ಮ್ಯಾಕ್ಸ್ ಸೈಜ್' (ಇಡೀ ವಿನಂತಿಯ ಗಾತ್ರದ ಮಿತಿ), ಮೂಲದಲ್ಲಿ 8 ಎಂಬಿ. ಅಂದರೆ ಉಬ್ಬುವ ಮುನ್ನ 6 ಎಂಬಿಗಿಂತ ಕೆಳಗಿನ ಚಿತ್ರವಷ್ಟೇ ಹಿಡಿಸುತ್ತದೆ. 'ಅಪ್‌ಲೋಡ್ ಮ್ಯಾಕ್ಸ್ ಫೈಲ್ ಸೈಜ್' ಹೆಚ್ಚಿಸಿ ಇಲ್ಲಿ ಲಾಭವಿಲ್ಲ, ಅದು ಫಾರಂ ಮೂಲಕ ಬರುವ ಕಡತಗಳಿಗೆ.

ಗಾತ್ರ ಚಿಕ್ಕದಿದ್ದೂ ಏರದಿದ್ದರೆ ದೋಷಸಂಖ್ಯೆ ನೋಡಿ. 401 ಬಂದರೆ ಬಳಕೆದಾರರ ಪಾತ್ರ ಪರೀಕ್ಷಿಸಿ: ವರ್ಡ್‌ಪ್ರೆಸ್‌ನಲ್ಲಿ 'ಕಾಂಟ್ರಿಬ್ಯೂಟರ್' ಬರೆಯಬಹುದು, ಕಡತ ಏರಿಸುವಂತಿಲ್ಲ, ಕನಿಷ್ಠ 'ಆಥರ್' ಆಗಿರಬೇಕು. 403 ಆದರೆ ಹೆಚ್ಚಾಗಿ ಭದ್ರತಾ ಪ್ಲಗಿನ್ನೋ ಫೈರ್‌ವಾಲೋ ಅಡ್ಡ ನಿಂತಿರುತ್ತದೆ. ಕಡತ ಬರೆಯಲಾಗಲಿಲ್ಲ ಎಂದರೆ ಅಪ್‌ಲೋಡ್ಸ್ ಫೋಲ್ಡರಿಗೆ ಬರೆಯುವ ಅನುಮತಿ ಇಲ್ಲ, ಇಲ್ಲವೇ ಡಿಸ್ಕ್ ತುಂಬಿದೆ.

ಇನ್ನೊಂದು ಕಾಟವಿದೆ, ಹುಡುಕಲು ಇದೇ ಕಷ್ಟ. ಚಿತ್ರ ಸರ್ವರಿನಲ್ಲಿ ಬಂದು ಕೂತಿರುತ್ತದೆ, ಆದರೂ ತಂತ್ರಾಂಶ 'ಉತ್ತರ ಅಮಾನ್ಯ' ಎನ್ನುತ್ತದೆ. ಸರ್ವರಿನ ಉತ್ತರದಲ್ಲಿ ಮೊದಲಿಗೇ ಇರಬೇಕಾದ ಎಕ್ಸ್‌ಎಂಎಲ್ ಘೋಷಣೆಗೂ ಮುಂಚೆ ಯಾವುದೋ ಪ್ಲಗಿನ್ ಒಂದು ಖಾಲಿ ಸಾಲನ್ನೋ ಪಿಎಚ್‌ಪಿ ಎಚ್ಚರಿಕೆಯನ್ನೋ ಉಗುಳಿರುತ್ತದೆ. ಪ್ಲಗಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವುದೇ ದಾರಿ. ಮತ್ತೆ ಮತ್ತೆ ಯತ್ನಿಸಿದ್ದರೆ ಮೀಡಿಯಾ ಲೈಬ್ರರಿಯಲ್ಲಿ ಒಂದೇ ಚಿತ್ರ ನಾಲ್ಕೈದು ಸಲ ಬಿದ್ದಿರುತ್ತದೆ, ಅವನ್ನು ಅಳಿಸಿಬಿಡಿ.